ಇಬ್ಬರು ಪ್ರಯಾಣಿಕರು, 42 ಸೀಟು

ಹೊಸ ಬ್ಯಾಟರಿಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಚಿತ್ರ. ಬಣ್ಣಬಣ್ಣದ ಗೋಲಿಗಳನ್ನು ಓರಣವಾಗಿ ಜೋಡಿಸಿಟ್ಟ ಸ್ಫಟಿಕ, ಅದರೊಳಗೆ ಬಾಣದ ಗುರುತು ಹಿಡಿದು ಓಡುವ ಲಿಥಿಯಂ. ವರ್ಷಗಟ್ಟಲೆ ಕುಲುಮೆಯ ಮುಂದೆ ಕೂತವನಿಗೆ ಈ ಚಿತ್ರ ಕಂಡರೆ ಮೈ ಉರಿಯುತ್ತದೆ. ಗೋಲಿಗಳೆಲ್ಲ ಅಷ್ಟು ಓರಣವಾಗಿ ಕೂತಿದ್ದರೆ ಲಿಥಿಯಂ ಮಿಸುಕಾಡುವುದೇ ಇಲ್ಲ. 2023ರ ನವೆಂಬರಿನಲ್ಲಿ ಗೂಗಲ್‌ನ ಡೀಪ್‌ಮೈಂಡ್ ತನ್ನ ಯಂತ್ರ 22 ಲಕ್ಷ ಹೊಸ ಸ್ಫಟಿಕಗಳನ್ನು ಊಹಿಸಿದೆ ಎಂದು ಸಾರಿದಾಗ, ‘ಇನ್ನು ಕುಲುಮೆ ಆರಿಸಿಬಿಡಿ ಸಾರ್’ ಎಂದು ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ನಕ್ಕ. ಆರಿಸುವ ಮೊದಲು, ಘನದೊಳಗೆ ಅಯಾನು ಓಡಿಸುವ ಈ ವಿದ್ಯೆ ನಡೆದುಬಂದ ದಾರಿಯನ್ನು ಒಮ್ಮೆ ಹೇಳಿಬಿಡುತ್ತೇನೆ.

ಬೆಳ್ಳಿಯ ಸಲ್ಫೈಡನ್ನೂ ಸೀಸದ ಫ್ಲೋರೈಡನ್ನೂ ಕಾಯಿಸಿದರೆ ಅವು ವಿದ್ಯುತ್ತನ್ನು ಬಿಡುತ್ತವೆ ಎಂಬುದನ್ನು ಫ್ಯಾರಡೆ 1830ರ ದಶಕದಲ್ಲೇ ಕಂಡಿದ್ದ. ಆ ಶತಮಾನ ಮುಗಿಯುವ ಹೊತ್ತಿಗೆ ನರ್ನ್‌ಸ್ಟ್ ಜಿರ್ಕೋನಿಯಾಕ್ಕೆ ಯಿಟ್ರಿಯಾ ಬೆರೆಸಿ ದೀಪವನ್ನೇ ಮಾಡಿದ. ಆದರೆ ನಮ್ಮ ಕಥೆಗೆ ಜೀವ ಬಂದದ್ದು 1914ರಲ್ಲಿ. ಬೆಳ್ಳಿ ಅಯೊಡೈಡ್ 147 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅದರ ವಾಹಕತೆ ಸಾವಿರಾರು ಪಟ್ಟು ಜಿಗಿಯುವುದನ್ನು ಟೂಬಾಂಟ್ ಮತ್ತು ಲೊರೆಂಟ್ಸ್ ಅಳೆದರು. ಇನ್ನೂ ಕಾಯಿಸಿ ಕರಗಿಸಿದರೆ ವಾಹಕತೆ ಏರಲಿಲ್ಲ, ತುಸು ಇಳಿಯಿತು! ಹರಿಯುವ ದ್ರವಕ್ಕಿಂತ ಗಟ್ಟಿಯಾಗಿ ಕೂತ ಘನವೇ ವಾಸಿ.

ಕಾರಣ ತಿಳಿಯಲು ಎಕ್ಸ್‌ರೇ ಬೇಕಾಯಿತು. 1934ರಲ್ಲಿ ಸ್ಟ್ರಾಕ್ ಕೊಟ್ಟ ಉತ್ತರ ಇವತ್ತಿಗೂ ನನಗೆ ಈ ಕ್ಷೇತ್ರದ ತಲೆಬಾಗಿಲು. ಅಯೊಡೀನ್ ಅಯಾನುಗಳು ಚೌಕಟ್ಟು ಕಟ್ಟಿಕೊಂಡು ನಿಂತಿವೆ. ಒಂದೊಂದು ಘನಕೋಶದಲ್ಲೂ ಎರಡು ಬೆಳ್ಳಿ ಅಯಾನು, ಅವು ಕೂರಬಹುದಾದ ಜಾಗ 42. ಎರಡೇ ಪ್ರಯಾಣಿಕರಿರುವ ಬಸ್ಸಿನಲ್ಲಿ ಯಾರೂ ಒಂದೇ ಸೀಟಿಗೆ ಅಂಟಿಕೊಂಡಿರುವುದಿಲ್ಲವಷ್ಟೆ. ಅವುಗಳಿಗೆ ನಿಜವಾಗಿ ಇಷ್ಟವಾದದ್ದು 12 ಸೀಟು ಎಂದು 1970ರ ದಶಕದಲ್ಲಿ ನ್ಯೂಟ್ರಾನ್‌ಗಳು ತಿದ್ದಿದವು. ತಿದ್ದಿದರೂ ಮಾತು ಉಳಿಯಿತು: ಅಯಾನು ಓಡಬೇಕಾದರೆ ಜಾಗ ಹೆಚ್ಚಿರಬೇಕು, ಜನ ಕಡಿಮೆಯಿರಬೇಕು, ಯಾವ ಜಾಗವೂ ತೀರ ಸುಖದ್ದಾಗಿರಬಾರದು. ಫ್ರೆಂಕೆಲ್, ಶಾಟ್ಕಿ, ವಾಗ್ನರ್ ಸ್ಫಟಿಕದ ದೋಷಗಳಿಗೆ ಲೆಕ್ಕ ಕಟ್ಟಿಕೊಟ್ಟದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ.

ಮುಂದೆ ಮೂರು ದಶಕ ಹೆಚ್ಚಿನ ಸದ್ದಿಲ್ಲ. 1967ರಲ್ಲಿ ಫೋರ್ಡ್ ಕಾರಿನ ಕಂಪನಿಯವರು ಬೀಟಾ ಅಲ್ಯೂಮಿನಾದ ಪದರಗಳ ನಡುವೆ ಸೋಡಿಯಂ ಸರಾಗವಾಗಿ ಓಡಾಡುವುದನ್ನು ತೋರಿಸಿದರು. 1976ರಲ್ಲಿ ಹಾಂಗ್ ಮತ್ತು ಗುಡೆನಫ್, ಸಿಕ್ಕಿದ್ದನ್ನು ಅಳೆಯುವುದು ಬಿಟ್ಟು, ಸೋಡಿಯಂಗೆ ಬೇಕಾದ ಅಳತೆಯ ಓಣಿಗಳಿರುವ ಚೌಕಟ್ಟನ್ನೇ ಯೋಚಿಸಿ ಕಟ್ಟಿದರು. ಅದೇ ನಾಸಿಕಾನ್.

ಅದೇ 1976ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಘನಸ್ಥಿತಿ ಮತ್ತು ರಚನಾ ರಸಾಯನದ ಘಟಕ ತೆರೆದರು. ನಾನಿದನ್ನು ಪಕ್ಕಕ್ಕೆ ನಿಂತು ಹೇಳಲಾರೆ, ನನ್ನ ತಲೆಮಾರು ಬೆಳೆದದ್ದು ಈ ಗಾಳಿಯಲ್ಲೇ. ಜಗತ್ತು ಸ್ಫಟಿಕದ ಹಿಂದೆ ಬಿದ್ದಿದ್ದಾಗ ಕೆ.ಜೆ. ರಾವ್ ಮತ್ತು ಅವರ ಶಿಷ್ಯರು ಗಾಜನ್ನು ಹಿಡಿದು ಕೂತರು. ಬೆಳ್ಳಿ ಅಯೊಡೈಡನ್ನು ಮಾಲಿಬ್ಡೇಟಿನಂಥ ಲವಣಗಳೊಂದಿಗೆ ಕರಗಿಸಿ, ಥಟ್ಟನೆ ತಣಿಸಿದರೆ ಕೋಣೆಯ ಉಷ್ಣತೆಯಲ್ಲೇ ಅಯಾನು ಓಡಾಡುವ ಗಾಜು ಸಿಗುತ್ತದೆ. ಒಸಾಕಾದಲ್ಲಿ ಮಿನಾಮಿ ಗುಂಪು ಮಾಡುತ್ತಿದ್ದುದೂ ಇದನ್ನೇ. ತಣಿಸಲು ನಾವು ಬಳಸುತ್ತಿದ್ದುದು ಎರಡು ಹಿತ್ತಾಳೆ ತಟ್ಟೆ. ಕರಗಿದ್ದನ್ನು ಕೆಳಗಿನದರ ಮೇಲೆ ಸುರಿದು ಮೇಲಿನದರಿಂದ ಒತ್ತಬೇಕು. ಅರೆಕ್ಷಣ ತಡವಾದರೆ ಗಾಜು ಹೋಗಿ ಹರಳು. ದುಬಾರಿ ಯಂತ್ರ ಇಲ್ಲದ ಕಾಲೇಜಿನಲ್ಲೂ ಮಾಡಬಹುದಾಗಿದ್ದ ವಿಜ್ಞಾನವದು. ಗಾಜಿನ ರಚನೆ ಎಂದರೇನು ಎಂಬ ಪ್ರಶ್ನೆಗೆ ರಾಮನ್ ರೋಹಿತ, ಎನ್‌ಎಂಆರ್‌, ಅವಗೆಂಪು ಎಲ್ಲವನ್ನೂ ಒಟ್ಟುಗೂಡಿಸಿದ ಕೆ.ಜೆ. ರಾವ್ ಅವರ ‘ಸ್ಟ್ರಕ್ಚರಲ್ ಕೆಮಿಸ್ಟ್ರಿ ಆಫ್ ಗ್ಲಾಸಸ್’ 2002ರಲ್ಲಿ ಬಂತು. ಬ್ಯಾಟರಿಯ ಭರಾಟೆಯಲ್ಲಿರುವ ಇಂದಿನ ಹುಡುಗರ ಮೇಜಿನ ಮೇಲೆ ಅದನ್ನು ನಾನು ಕಂಡಿಲ್ಲ.

ಅದೇ ಘಟಕದ ಯಶೋನಾಥ್ ಕಂಪ್ಯೂಟರಿನಲ್ಲಿ ತೋರಿಸಿದ್ದು ಇನ್ನೂ ಸೊಗಸು. ಜಿಯೊಲೈಟ್ ಎಂಬ ರಂಧ್ರಮಯ ಸ್ಫಟಿಕದ ಕಿಂಡಿಯಲ್ಲಿ ಸಣ್ಣ ಕಣವೇ ಬೇಗ ದಾಟುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ, ಕಿಂಡಿಗೆ ಸರಿಹೊಂದುವಷ್ಟು ದೊಡ್ಡದಾದ ಕಣವನ್ನು ಸುತ್ತಲಿನ ಗೋಡೆ ಎಲ್ಲ ಕಡೆಯಿಂದಲೂ ಸಮನಾಗಿ ಸೆಳೆಯುವುದರಿಂದ ಅದು ತೇಲಿದಂತೆ ದಾಟಿಬಿಡುತ್ತದೆ. ನಾಸಿಕಾನ್‌ನೊಳಗಿನ ಅಯಾನುಗಳ ಓಡಾಟವನ್ನೂ ಅವರು, ಪದ್ಮಕುಮಾರ್ ಹೀಗೆಯೇ ಬಿಡಿಸಿ ನೋಡಿದರು.

ಅಷ್ಟರಲ್ಲಿ ಬ್ಯಾಟರಿಯೊಳಗೆ ಅಯಾನು ಸಾಗಿಸುವ ಕೆಲಸದಲ್ಲಿ ಗೆದ್ದದ್ದು ದ್ರವ. ಸೋನಿ 1991ರಲ್ಲಿ ಮಾರುಕಟ್ಟೆಗೆ ತಂದ ಬ್ಯಾಟರಿಯಿಂದ ಹಿಡಿದು ಈಗ ನಿಮ್ಮ ಜೇಬಿನಲ್ಲಿರುವುದರವರೆಗೆ ಎಲ್ಲದರಲ್ಲೂ ಸಾವಯವ ದ್ರಾವಕದಲ್ಲಿ ಕರಗಿದ ಲಿಥಿಯಂ ಲವಣವಿದೆ. ಇಲ್ಲೂ ರಚನೆಯದೇ ಆಟ. ಪ್ರೊಪಿಲೀನ್ ಕಾರ್ಬೊನೇಟ್ ಗ್ರಾಫೈಟಿನ ಪದರಗಳನ್ನು ಸುಲಿದುಹಾಕುತ್ತದೆ. ಅದಕ್ಕಿಂತ ಒಂದೇ ಒಂದು ಮೀಥೈಲ್ ಗುಂಪು ಕಡಿಮೆಯಿರುವ ಎಥಿಲೀನ್ ಕಾರ್ಬೊನೇಟ್ ಗ್ರಾಫೈಟಿನ ಮೇಲೆ ತೆಳುಪೊರೆ ಕಟ್ಟಿ ಕಾಪಾಡುತ್ತದೆ. ಆ ಪೊರೆಯ ರಚನೆ ಏನು ಎಂಬುದರ ಜಗಳ ಇನ್ನೂ ಮುಗಿದಿಲ್ಲ.

ದ್ರವಕ್ಕೆ ಬೆಂಕಿಯ ಭಯ. ಹಾಗಾಗಿ ಮತ್ತೆ ಘನಕ್ಕೆ ಮರಳಿದರು. 2007ರಲ್ಲಿ ಮುರುಗನ್, ತಂಗದುರೈ, ವೆಪ್ನರ್ ಮೂವರೂ ಸೇರಿ ಲಿಥಿಯಂ, ಲ್ಯಾಂಥನಂ, ಜಿರ್ಕೋನಿಯಂ ಇರುವ, ಲಿಥಿಯಂ ಚುರುಕಾಗಿ ಓಡಾಡುವ ಗಾರ್ನೆಟ್ ಒಂದನ್ನು ವರದಿ ಮಾಡಿದರು. ತಂಗದುರೈ ಬೆಂಗಳೂರಿನಲ್ಲೇ ಗೋಪಾಲಕೃಷ್ಣನ್ ಮತ್ತು ಶುಕ್ಲಾ ಅವರೊಂದಿಗೆ ಲಿಥಿಯಂ ವಾಹಕಗಳ ಮೇಲೆ ದುಡಿದವರು. ವರದಿ ಓದಿ ಅದನ್ನೇ ಮಾಡಹೋದ ಎಷ್ಟೋ ಮಂದಿಗೆ ನೂರಾರು ಪಟ್ಟು ಮಂದವಾದ ಪದಾರ್ಥ ಸಿಕ್ಕಿತು. ಎರಡರಲ್ಲೂ ಇರುವ ಧಾತುಗಳು ಅವೇ. ಮಂದವಾದದ್ದರಲ್ಲಿ ಲಿಥಿಯಂ ತನ್ನ ತನ್ನ ಸೀಟಿನಲ್ಲಿ ಶಿಸ್ತಾಗಿ ಕೂತಿತ್ತು, ಚುರುಕಾದದ್ದರಲ್ಲಿ ಚೆಲ್ಲಾಪಿಲ್ಲಿಯಾಗಿತ್ತು. ಈ ಚೆಲ್ಲಾಟಕ್ಕೆ ಕಾರಣ 2011ರ ಹೊತ್ತಿಗೆ ಹೊರಬಿತ್ತು: ಬಹುಮಟ್ಟಿಗೆ ಮೂಸೆ! ಅಲ್ಯೂಮಿನಾ ಮೂಸೆಯಿಂದ ಕರಗಿ ಸೇರಿದ ಅಲ್ಯೂಮಿನಿಯಂ ಕೆಲವು ಲಿಥಿಯಂಗಳನ್ನು ಹೊರದಬ್ಬಿ ಸೀಟು ಖಾಲಿ ಮಾಡಿಸಿತ್ತು. ಪಾತ್ರೆಯೂ ಅಡುಗೆಯ ಪಾಲಾಗಿತ್ತು.

ಈ ಬಗೆಯ ಗುಟ್ಟು ಬಯಲಾಗಬೇಕಾದರೆ ಲಿಥಿಯಂ ಕಣ್ಣಿಗೆ ಬೀಳಬೇಕು. ಮೂರೇ ಎಲೆಕ್ಟ್ರಾನಿನ ಲಿಥಿಯಂ ಎಕ್ಸ್‌ರೇಗೆ ಕಾಣುವುದು ಅಷ್ಟಕ್ಕಷ್ಟೆ. ನ್ಯೂಟ್ರಾನಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಲಿಥಿಯಂ-6 ಐಸೊಟೋಪು ನ್ಯೂಟ್ರಾನನ್ನೇ ನುಂಗಿಹಾಕುವುದರಿಂದ ಲಿಥಿಯಂ-7 ತರಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ನ್ಯೂಟ್ರಾನಿಗೆ ಟ್ರಾಂಬೆಯ ಧ್ರುವ ರಿಯಾಕ್ಟರಿನ ಮುಂದೆ ಸರದಿ ನಿಲ್ಲಬೇಕು. ಬ್ಯಾಟರಿ ಕಾರ್ಖಾನೆಯ ಶಂಕುಸ್ಥಾಪನೆಗೆ ಹೋಗುವ ಮಂತ್ರಿಗಳು ಈ ಸರದಿಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

2011ರಲ್ಲೇ ಟೋಕಿಯೊದ ಕಾನ್ನೊ ಗುಂಪು ಜರ್ಮೇನಿಯಂ ಇರುವ ಸಲ್ಫೈಡಿನಲ್ಲಿ ಸೆಂಟಿಮೀಟರಿಗೆ 12 ಮಿಲಿಸೀಮೆನ್ಸ್ ವಾಹಕತೆ ತೋರಿಸಿತು, ದ್ರವಕ್ಕೆ ಸರಿಸಮ. ಆಮೇಲಿಂದ ಲೇಖನಗಳ ಜಾತ್ರೆ. ಸಂಖ್ಯೆಯೊಂದೇ ಸಾಕಾದವರಿಗೆ ಈ ಪದಾರ್ಥ ಲಿಥಿಯಂ ಲೋಹಕ್ಕೆ ತಾಗಿದರೆ ಕೆಡುತ್ತದೆ ಎಂಬುದು ಅಡಿಟಿಪ್ಪಣಿ. ಅಯಾನು ಸಾಗಿಸುವ ಈ ಪದಾರ್ಥ, ಅಂದರೆ ಎಲೆಕ್ಟ್ರೊಲೈಟ್, ಸಾಕಷ್ಟು ಗಟ್ಟಿಯಿದ್ದರೆ ಲಿಥಿಯಂ ಕವಲೊಡೆದು ನುಗ್ಗದು ಎಂಬ ನಂಬಿಕೆಯೂ ಬಹಳ ಕಾಲ ನಡೆಯಿತು. ಗಾರ್ನೆಟ್ ಲಿಥಿಯಂಗಿಂತ ಹತ್ತು ಪಟ್ಟಿಗೂ ಮಿಗಿಲಾಗಿ ಗಟ್ಟಿ. ಆದರೂ ಲಿಥಿಯಂ ಹರಳುಗಳ ಸಂದುಗಳಲ್ಲಿ, ಕಣ್ಣಿಗೆ ಕಾಣದ ಬಿರುಕುಗಳಲ್ಲಿ ತೂರಿ ಆಚೆ ಬಂತು. ಸಂದಿನ ರಚನೆಯ ಕೆಲಸ ಮಾಡಿದವರು ಕಡಿಮೆ, ಅದಕ್ಕೆ ಚಂದದ ಗೋಲಿ ಚಿತ್ರ ಬರೆಯಲಾಗುವುದಿಲ್ಲ.

ಮತ್ತೆ ಯಂತ್ರಗಳಿಗೆ ಬರೋಣ. ಡೀಪ್‌ಮೈಂಡ್‌ನ ಸಾರಿಕೆಯ ಜೊತೆಜೊತೆಗೇ ಬರ್ಕ್‌ಲಿಯ ಸ್ವಯಂಚಾಲಿತ ಪ್ರಯೋಗಾಲಯವೊಂದು 17 ದಿನದಲ್ಲಿ 41 ಸಂಯುಕ್ತ ತಯಾರಿಸಿದೆ ಎಂದಿತು. ಮರುವರ್ಷವೇ ಪ್ರಿನ್ಸ್‌ಟನ್ ಮತ್ತು ಲಂಡನ್ನಿನ ರಸಾಯನಜ್ಞರು ಒಂದೊಂದನ್ನೂ ತಿರುವಿ ನೋಡಿ, ಹೊಸದು ಯಾವುದೂ ಇಲ್ಲ, ಮೂರರಲ್ಲಿ ಎರಡು ಪಾಲಿನಷ್ಟು ಮೊದಲೇ ಗೊತ್ತಿದ್ದ, ಪರಮಾಣುಗಳು ಅದಲುಬದಲಾಗಿ ಕೂತ ಪದಾರ್ಥಗಳಿರಬೇಕು ಎಂದರು. ಯಂತ್ರ ಊಹಿಸಿದ್ದು ಪ್ರತಿ ಪರಮಾಣುವಿಗೂ ಸೀಟು ನಂಬರು ಕೊಟ್ಟ ರಚನೆ, ಕುಲುಮೆಯಿಂದ ಬಂದದ್ದು ನಂಬರಿಲ್ಲದ ಬಸ್ಸು. ಡೀಪ್‌ಮೈಂಡ್‌ನ ಪಟ್ಟಿಯಲ್ಲಿ ಹೊಸತನಕ್ಕೂ ಉಪಯೋಗಕ್ಕೂ ಪುರಾವೆ ತೀರ ಕಡಿಮೆ ಎಂದು ಬರೆದ ಇಬ್ಬರಲ್ಲಿ ಒಬ್ಬರು ರಾಮ್ ಶೇಷಾದ್ರಿ, ನಮ್ಮ ಬೆಂಗಳೂರಿನ ಆ ಘಟಕದಲ್ಲೇ ಡಾಕ್ಟರೇಟ್ ಮಾಡಿದವರು. ನನಗೆ ಆಶ್ಚರ್ಯವಾಗಲಿಲ್ಲ.

ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಅದು ಕಲಿತದ್ದು ಸ್ಫಟಿಕಗಳ ದತ್ತಕೋಶದಿಂದ. ಗಾಜಿಗೆ ಪರಮಾಣುಗಳ ವಿಳಾಸಪಟ್ಟಿ ಇಲ್ಲ, ಆದ್ದರಿಂದ ಅಲ್ಲಿ ಅದಕ್ಕೆ ಜಾಗವೂ ಇಲ್ಲ. ಮೂಸೆ ಯಾವುದು, ತಣಿಸಿದ್ದು ಎಷ್ಟು ಬೇಗ, ಅಳೆಯುವಾಗ ಬಿಲ್ಲೆಯ ಮೇಲೆ ಹೇರಿದ ಒತ್ತಡ ಎಷ್ಟು ಎಂಬುದಕ್ಕೂ ಇಲ್ಲ. ಇವೆಲ್ಲ ಇರುವುದು ಪ್ರಯೋಗದ ಪುಸ್ತಕಗಳಲ್ಲಿ. ನನ್ನವು ಇನ್ನೂ ಮನೆಯ ಅಟ್ಟದ ಮೇಲಿವೆ. ಲಿಥಿಯಂ ಫಾಸ್ಫೇಟ್ ಗಾಜಿನ ಒಂದು ಆಗಸ್ಟ್ ತಿಂಗಳಿಡೀ ಪುಟದ ಅಂಚಿನಲ್ಲಿ ಒಂದೇ ಮಾತು ಬರೆದಿದ್ದೇನೆ: ‘ಮಳೆ. ಬಿಲ್ಲೆ ಬೆವರಿದೆ. ನಾಳೆ ಮತ್ತೆ.’