ಬರಿದೆಂದುಕೊಂಡಿದ್ದ ಗರ್ಭಕೋಶ

ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗೆಡ್ಡೆಗೆ ವೈದ್ಯರು ಫೈಬ್ರಾಯ್ಡ್ ಎನ್ನುತ್ತಾರೆ. ಮನೆಗಳಲ್ಲಿ ಇದು ಪಿಸುಮಾತಿನ ವಿಷಯ. ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ, ನಿಶ್ಶಕ್ತಿ, ಕಡೆಗೊಮ್ಮೆ ಗರ್ಭಕೋಶವನ್ನೇ ತೆಗೆಸುವುದು. ಇಷ್ಟು ಸಾಮಾನ್ಯವಾದ ಗೆಡ್ಡೆಗೂ ಬ್ಯಾಕ್ಟೀರಿಯಾಗಳಿಗೂ ನಂಟಿದೆಯೇ? ಈ ಪ್ರಶ್ನೆ ಬಲವಾಗಿ ಏಳಲು ಒಂದು ಶತಮಾನವೇ ಹಿಡಿಯಿತು.

1892ರಲ್ಲಿ ಜರ್ಮನಿಯ ಡೋಡರ್ಲೈನ್ ಯೋನಿಯಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳನ್ನು ವರ್ಣಿಸಿದರು. ಹಾಲನ್ನು ಹೆಪ್ಪುಗಟ್ಟಿಸುವ ಜೀವಿಗಳ ಬಂಧುಗಳಿವು. ಆದರೆ ಅಲ್ಲಿಂದ ಮೇಲಕ್ಕೆ ಅವುಗಳಿಗೆ ಪ್ರವೇಶವಿಲ್ಲವೆಂದೇ ನಂಬಲಾಯಿತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೇ 1900ರ ಸುಮಾರಿಗೆ, ಮಗು ಗರ್ಭದಲ್ಲಿರುವಾಗ ಸೂಕ್ಷ್ಮಜೀವಿರಹಿತ ಎಂದರು. ಆ ಕಾಲದ ಮುಖ್ಯ ಪರೀಕ್ಷೆ ಇದು: ಪೋಷಕದ್ರವದಲ್ಲಿ ಬೆಳೆಸಿ ನೋಡುವುದು. ಬೆಳೆಯದಿದ್ದರೆ 'ಇಲ್ಲ' ಎಂದು ಬರೆದುಕೊಳ್ಳುವುದು!

1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಜೀವಿಗಳನ್ನು ಅವುಗಳ ರೈಬೋಸೋಮಿನ ಆರ್.ಎನ್.ಎ. ಮೂಲಕ ಗುರುತಿಸಿ ವಿಂಗಡಿಸುವ ದಾರಿ ತೋರಿಸಿದರು. ಮುಂದೆ ಅದೇ ದಾರಿಯಲ್ಲಿ, ಬೆಳೆಸಲಾಗದ ಬ್ಯಾಕ್ಟೀರಿಯಾಗಳನ್ನೂ ಪತ್ತೆ ಮಾಡುವುದು ಸಾಧ್ಯವಾಯಿತು. 2017ರಲ್ಲಿ ಚೀನಾದ ಶೆನ್‌ಜೆನ್ ನಗರದ ತಂಡವೊಂದು 110 ಮಹಿಳೆಯರ ಮಾದರಿಗಳನ್ನು ಪರೀಕ್ಷಿಸಿತು. ಯೋನಿಯ ಮೂಲಕ ಕಡ್ಡಿ ತೂರಿಸಿದರೆ ಕೆಳಗಿನ ಬ್ಯಾಕ್ಟೀರಿಯಾ ಅಂಟಿ ಬರುತ್ತದಲ್ಲವೇ? ಅದಕ್ಕೆಂದೇ ಮೇಲ್ಭಾಗದ ಮಾದರಿಗಳನ್ನು ಹೊಟ್ಟೆಯ ಶಸ್ತ್ರಚಿಕಿತ್ಸೆಯ ವೇಳೆ ತೆಗೆದುಕೊಂಡರು. ಗರ್ಭಕೋಶದಲ್ಲೂ ಬ್ಯಾಕ್ಟೀರಿಯಾಗಳ ಸುಳಿವು ಸಿಕ್ಕಿತು, ಬಹಳ ವಿರಳವಾಗಿ. ಗರ್ಭಕೋಶದ ಕೆಲವು ಕಾಯಿಲೆಗಳಿರುವವರಲ್ಲಿ ಅವುಗಳ ಮಿಶ್ರಣ ಬೇರೆಯಾಗಿರುವಂತೆಯೂ ಕಂಡಿತು.

ಹಾಗಾದರೆ ಗೆಡ್ಡೆಗೆ ಅವೇ ಕಾರಣವೇ? ದುಡುಕಬಾರದು. ಜರಾಯುವಿನ ಪ್ರಸಂಗ ನೆನೆಯಿರಿ. ಅದರಲ್ಲೂ ಬ್ಯಾಕ್ಟೀರಿಯಾ ಬಳಗವಿದೆ ಎಂದು 2014ರಲ್ಲಿ ದೊಡ್ಡ ಸುದ್ದಿಯಾಯಿತು. 2019ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು 500ಕ್ಕೂ ಹೆಚ್ಚು ಹೆರಿಗೆಗಳ ಮಾದರಿ ಪರೀಕ್ಷಿಸಿದಾಗ, ಸಿಕ್ಕ ಡಿ.ಎನ್.ಎ. ಬಹುಪಾಲು ಪ್ರಯೋಗಾಲಯದ ರಾಸಾಯನಿಕಗಳಿಂದ ಅಥವಾ ಹೆರಿಗೆಯ ವೇಳೆ ಅಂಟಿಕೊಂಡದ್ದು ಎಂದು ತಿಳಿಯಿತು. ವಿರಳವಾದದ್ದನ್ನು ಹುಡುಕುವಾಗ ಶೀಶೆಯ ಕೊಳೆಯೂ ಸಂಶೋಧನೆಯಂತೆ ಕಾಣುತ್ತದೆ.

ಇನ್ನೊಂದು ತೊಡಕು: ಗೆಡ್ಡೆಯೇ ಗರ್ಭಕೋಶದ ಒಳಪದರವನ್ನು ಕೆಡಿಸಿ, ಅದರಿಂದ ಬ್ಯಾಕ್ಟೀರಿಯಾಗಳು ಬದಲಾಗಿರಬಹುದು. ಗಟ್ಟಿಯಾಗಿ ತಿಳಿದಿರುವುದು ಬೇರೆ. ಈಸ್ಟ್ರೋಜನ್, ಪ್ರೊಜೆಸ್ಟಿರಾನ್ ಹಾರ್ಮೋನುಗಳು ಗೆಡ್ಡೆಯನ್ನು ಬೆಳೆಸುತ್ತವೆ. ಸುಮಾರು ಶೇ. 70ರಷ್ಟು ಗೆಡ್ಡೆಗಳಲ್ಲಿ ಎಂ.ಇ.ಡಿ.12 ಎಂಬ ಒಂದೇ ಜೀನಿನ ದೋಷವಿರುವುದನ್ನು ಫಿನ್ಲೆಂಡಿನ ಸಂಶೋಧಕರು 2011ರಲ್ಲಿ ಕಂಡರು. ಆದ್ದರಿಂದ 'ಶುಚಿಯಾಗಿರಲಿಲ್ಲ, ಅದಕ್ಕೇ ಗೆಡ್ಡೆಯಾಯಿತು' ಎಂದು ಯಾರಾದರೂ ಮನೆಯ ಹೆಂಗಸರನ್ನು ದೂರಿದರೆ, ಆ ಮಾತಿಗೆ ಈ ಸಂಶೋಧನೆಗಳಲ್ಲಿ ಆಧಾರವಿಲ್ಲವೆಂದು ನೀವು ಧೈರ್ಯವಾಗಿ ಹೇಳಬಹುದು.