ಎರಡು ಗಂಟೆಯೊಳಗೆ ಊಟ

ನಾಲ್ಕು ಮನೆಗೆ ಲಗ್ನಪತ್ರಿಕೆ ಕೊಟ್ಟುಬರುವುದು ಏನು ಮಹಾ ಕೆಲಸ ಎನ್ನುವವರು ಒಮ್ಮೆ ಹೊರಟು ನೋಡಬೇಕು. ಅಕ್ಕನ ಮದುವೆಯಲ್ಲಿ ಆ ಹೊಣೆ ನನ್ನ ಮತ್ತು ಚಿಕ್ಕಪ್ಪನ ಪಾಲಿಗೆ ಬಂದಿತ್ತು. ದೊಡ್ಡಪ್ಪನ ಮನೆಗೇ ಮೊದಲು ಹೋಗಬೇಕು. ಬ್ಯಾಂಕಿನವರು ಸಿಗುವುದು ಸಂಜೆ ಆರರ ಮೇಲೆ. ಮೇಷ್ಟರು ಮಧ್ಯಾಹ್ನ ಮಲಗಿರುತ್ತಾರೆ. ರಾಹುಕಾಲದಲ್ಲಿ ಯಾರ ಹೊಸ್ತಿಲನ್ನೂ ತುಳಿಯುವಂತಿಲ್ಲ. ಒಂದೇ ಬೀದಿಗೆ ಮೂರು ಸಲ ಹೋಗದೆ ಬೇರೆ ದಾರಿಯೇ ಇರಲಿಲ್ಲ.

ಬರೀ ಹತ್ತು ಮನೆಗಳನ್ನು ಒಂದಾದ ಮೇಲೊಂದರಂತೆ ಎಷ್ಟು ಬಗೆಯಲ್ಲಿ ಸುತ್ತಬಹುದು ಗೊತ್ತೆ? 36,28,800 ಬಗೆಯಲ್ಲಿ! ಇನ್ನೊಂದು ಮನೆ ಸೇರಿದರೆ ಅದರ ಹನ್ನೊಂದು ಪಟ್ಟು. ಇದರಲ್ಲಿ ಯಾವುದು ಎಲ್ಲಕ್ಕಿಂತ ಹತ್ತಿರದ ದಾರಿ ಎಂಬ ಪ್ರಶ್ನೆ 20ನೇ ಶತಮಾನದಲ್ಲಿ ಗಣಿತಜ್ಞರ ನಿದ್ದೆ ಕೆಡಿಸಿತು. ಊರೂರು ತಿರುಗುವ ಮಾರಾಟಗಾರನ ಹೆಸರಿನಲ್ಲಿ ಈ ಸಮಸ್ಯೆಯನ್ನು ಚರ್ಚಿಸಿದ ಹಳೆಯ ವರದಿಗಳಲ್ಲಿ ಒಂದು 1949ರದ್ದು. ಬರೆದವರು ಜೂಲಿಯಾ ರಾಬಿನ್‌ಸನ್ ಎಂಬ ಹೆಣ್ಣುಮಗಳು. 1954ರಲ್ಲಿ ಜಾರ್ಜ್ ಡಾಂಟ್ಸಿಗ್ ಮತ್ತು ಇಬ್ಬರು ಸಂಗಡಿಗರು ಅಮೆರಿಕದ 49 ನಗರಗಳಿಗೆ ಕರಾರುವಾಕ್ಕಾದ ಉತ್ತರ ಕಂಡುಹಿಡಿದರು. 1959ರಲ್ಲಿ ಅದೇ ಡಾಂಟ್ಸಿಗ್, ಜಾನ್ ರಾಮ್ಸರ್ ಅವರೊಡನೆ ಸೇರಿ, ಒಂದೇ ಡಿಪೋದಿಂದ ಅನೇಕ ಪೆಟ್ರೋಲ್ ಬಂಕುಗಳಿಗೆ ಲಾರಿಗಳನ್ನು ಕಳಿಸುವ ಕ್ರಮವನ್ನು ಬರೆದರು. ಸರಕು ಹಂಚುವ ವಾಹನಗಳಿಗೆ ದಾರಿ ಗೊತ್ತುಮಾಡುವ ಶಾಸ್ತ್ರಕ್ಕೆ ಇದೇ ಮೊದಲ ಪಾಠ ಎನ್ನುತ್ತಾರೆ.

ಆದರೆ ಈ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಅಧ್ಯಾಯದಲ್ಲಿ ಪೆಟ್ರೋಲ್ ಇಲ್ಲ, ಊಟ ಇದೆ. ಮನೆಯಿಂದ ಹೊರಬರಲಾರದ ವೃದ್ಧರಿಗೆ ಬಿಸಿ ಊಟ ಮುಟ್ಟಿಸುವ ಸೇವೆ ಯುದ್ಧಕಾಲದ ಇಂಗ್ಲೆಂಡಿನಲ್ಲಿ ಆರಂಭವಾಯಿತು. 1943ರಲ್ಲಿ ಹೆಮೆಲ್ ಹೆಂಪ್‌ಸ್ಟೆಡ್ ಎಂಬ ಊರಿನಲ್ಲಿ ಸ್ವಯಂಸೇವಕಿಯರು ಊಟ ತೆಗೆದುಕೊಂಡು ಮನೆಮನೆಗೆ ಹೋದರು. ಮುಂದೆ ಇಂಥ ಸೇವೆ ಅಮೆರಿಕದಲ್ಲೂ ಬೇರೂರಿತು.

1980ರ ದಶಕದ ಆರಂಭದಲ್ಲಿ ಅಟ್ಲಾಂಟಾ ನಗರದಲ್ಲಿ ಈ ಸೇವೆಯ ಪರಿಸ್ಥಿತಿ ಹೀಗಿತ್ತು: ದಿನಕ್ಕೆ ಸುಮಾರು 200 ಊಟ. ನಾಲ್ವರು ಚಾಲಕರು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಎಲ್ಲರಿಗೂ ಊಟ ಮುಟ್ಟಬೇಕು. ಕಂಪ್ಯೂಟರಿಗೆ ದುಡ್ಡಿಲ್ಲ. ಇದಕ್ಕಿಂತ ದೊಡ್ಡ ತೊಡಕೆಂದರೆ ಹೆಸರುಗಳ ಪಟ್ಟಿ ಒಂದೇ ಸಮನೆ ಬದಲಾಗುತ್ತಿತ್ತು. ಒಬ್ಬರು ಚೇತರಿಸಿಕೊಂಡು ತಾವೇ ಒಲೆ ಹಚ್ಚುತ್ತಾರೆ, ಒಬ್ಬರು ಆಸ್ಪತ್ರೆ ಸೇರುತ್ತಾರೆ, ಇನ್ನೊಬ್ಬರು ತೀರಿಯೇ ಹೋಗುತ್ತಾರೆ. ನಿನ್ನೆ ಹಾಕಿದ ದಾರಿ ಇವತ್ತಿಗೆ ನಡೆಯದು.

ಜಾರ್ಜಿಯಾ ಟೆಕ್ ಸಂಸ್ಥೆಯ ಜಾನ್ ಬಾರ್ತೋಲ್ಡಿ, ಲೋರೆನ್ ಪ್ಲಾಟ್ಜ್‌ಮನ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಹೂಡಿ, 1983ರಲ್ಲಿ ಅದನ್ನು ಪ್ರಕಟಿಸಿದರು. ಇಡೀ ಚೌಕವನ್ನು ತುಂಬಿಬಿಡುವ ಒಂದೇ ಗೆರೆಯನ್ನು ಇಟಲಿಯ ಪಿಯಾನೋ 1890ರಲ್ಲೇ ತೋರಿಸಿದ್ದರು. ನಾವು ಚುಕ್ಕಿಯಿಟ್ಟು ಕೈಯೆತ್ತದೆ ಎಳೆ ಸುತ್ತುವ ರಂಗೋಲಿಯನ್ನು ನೆನೆಸಿಕೊಂಡರೆ ಇದು ತಟ್ಟನೆ ಅರ್ಥವಾಗುತ್ತದೆ. ಊರಿನ ನಕ್ಷೆಯ ಮೇಲೆ ಅಂಥ ಒಂದು ಎಳೆಯನ್ನು ಹರಿಯಬಿಟ್ಟರೆ ಪ್ರತಿ ಮನೆಗೂ ಆ ಎಳೆಯ ಮೇಲೊಂದು ಸ್ಥಾನ, ಆ ಸ್ಥಾನಕ್ಕೊಂದು ಸಂಖ್ಯೆ. ಸಂಖ್ಯೆಗಳ ಕ್ರಮದಲ್ಲಿ ಹೋದರೆ ಸಾಕು, ಅದೇ ದಾರಿ.

ಬೇಕಾದದ್ದು ಎರಡು ಕಾರ್ಡು ಪೆಟ್ಟಿಗೆಗಳು ಮಾತ್ರ. ಪ್ರತಿ ಮನೆಗೆ ಎರಡು ಕಾರ್ಡು. ಒಂದು ಪೆಟ್ಟಿಗೆಯಲ್ಲಿ ಹೆಸರಿನ ಅಕಾರಾದಿ, ಇನ್ನೊಂದರಲ್ಲಿ ಎಳೆಯ ಸಂಖ್ಯೆ. ಹೊಸಬರು ಬಂದರೆ ಕಾರ್ಡನ್ನು ಅದರ ಜಾಗದಲ್ಲಿ ಸಿಕ್ಕಿಸುವುದು. ಯಾರಾದರೂ ಹೋದರೆ ಹೆಸರಿನ ಕಾರ್ಡು ಹುಡುಕಿ, ಸಂಖ್ಯೆ ನೋಡಿ, ಎರಡನ್ನೂ ತೆಗೆದಿಡುವುದು. ಉಳಿದ ಮನೆಗಳ ಕ್ರಮ ಕದಲುವುದಿಲ್ಲ. ಕಾರ್ಡುಗಳನ್ನು ನಾಲ್ಕು ಪಾಲು ಮಾಡಿದರೆ ನಾಲ್ವರು ಚಾಲಕರಿಗೂ ಅಂದಿನ ದಾರಿ ಸಿದ್ಧ. ಇಷ್ಟಕ್ಕೂ ತಗಲಿದ ಖರ್ಚು 50 ಡಾಲರಿಗಿಂತ ಕಡಿಮೆ.

ಇದು ಅತ್ಯುತ್ತಮ ದಾರಿಯೇನಲ್ಲ. ಮನೆಗಳು ಅಲ್ಲಲ್ಲಿ ಚೆದುರಿದ್ದರೆ ಇದು ಅತಿ ಹತ್ತಿರದ ದಾರಿಗಿಂತ ಸರಾಸರಿ ಶೇ. 25ರಷ್ಟು ಉದ್ದವಾಗುತ್ತದೆ ಎಂದು ಅವರೇ ಲೆಕ್ಕ ಹಾಕಿದ್ದಾರೆ. ಇಂದು ಕಂಪ್ಯೂಟರುಗಳು ಪ್ರತಿ ಮನೆಯ ಗಡುವನ್ನೂ ಹಿಡಿದು ಇದಕ್ಕಿಂತ ಚೆನ್ನಾದ ದಾರಿ ಹುಡುಕಿಕೊಡುತ್ತವೆ. ಆದರೂ ಈ ಪೆಟ್ಟಿಗೆಗಳನ್ನು ನಾನು ಸಣ್ಣದೆಂದು ಎಣಿಸಲಾರೆ. ದಿನಾ ಬೆಳಿಗ್ಗೆ ಇದನ್ನು ಬಳಸುವವರ ಕೈಯಲ್ಲಿ ಏನಿದೆ, ಏನಿಲ್ಲ ಎಂದು ಆ ಪ್ರೊಫೆಸರುಗಳು ಮೊದಲು ನೋಡಿದರು. ಮನೆ ನಡೆಸುವ ನಾವೂ ಇದ್ದ ಸಾಮಾನಿನಲ್ಲೇ ಅಲ್ಲವೆ ಹೊತ್ತಿಗೆ ಸರಿಯಾಗಿ ಎಲೆ ಹಾಕುವುದು? ಬಾಗಿಲ ಕಡೆ ಕಿವಿಯಿಟ್ಟು ಕೂತ ಅಜ್ಜಿಗೆ ವ್ಯಾನು ಯಾವ ಬೀದಿ ಸುತ್ತಿ ಬಂತೆಂಬುದು ಮುಖ್ಯವಲ್ಲ. ಎರಡು ಗಂಟೆಯೊಳಗೆ, ಆರುವ ಮುಂಚೆ, ಊಟ ಬಂದರಾಯಿತು.