ಕಾಡ್ ಮೀನಿನ ಕಿವಿಕಲ್ಲು

ಮೀನಿನ ತಲೆಯನ್ನೂ ಬಿಡದೆ ಉಣ್ಣುವ ಕರಾವಳಿಯವರಿಗೆ ಈ ಕಲ್ಲಿನ ಪರಿಚಯ ಇದ್ದೇ ಇರುತ್ತದೆ. ತಲೆಯ ಸಾರು ಸವಿಯುವಾಗ ಹಲ್ಲಿಗೆ ಸಿಕ್ಕುವ, ಬಟ್ಟಲಿನ ಅಂಚಿಗೆ ಸರಿಸಿಬಿಡುವ ಬಿಳಿಯ ಹರಳು ಅದು. ಕಿವಿಯ ಮೂಳೆ ಎಂದು ಕರೆಯುವುದುಂಟಾದರೂ ಅದು ಮೂಳೆಯಲ್ಲ, ಕ್ಯಾಲ್ಸಿಯಂ ಕಾರ್ಬೊನೇಟಿನ ಕಲ್ಲು. ಮೀನಿನ ಒಳಕಿವಿಗಳಲ್ಲಿ ಇಂಥವು ಮೂರು ಜೊತೆ ಇರುತ್ತವೆ. ಸಮತೋಲ ಕಾಯುವುದಕ್ಕೂ ಸದ್ದು ಗ್ರಹಿಸುವುದಕ್ಕೂ ಮೀನಿಗೆ ಅವು ಬೇಕು. ಮೀನು ಬದುಕಿರುವಷ್ಟು ಕಾಲ ಕಲ್ಲು ಪದರ ಪದರವಾಗಿ ಬೆಳೆಯುತ್ತದೆ. ಮರದ ಕಾಂಡದ ಉಂಗುರಗಳಂತೆ ಆ ಪದರಗಳನ್ನು ಎಣಿಸಿ ವಯಸ್ಸು ಹೇಳಬಹುದೆಂದು 1899ರಲ್ಲಿ ಜರ್ಮನಿಯ ಯೋಹಾನೆಸ್ ರೈಬಿಷ್ ತೋರಿಸಿದ. ವಯಸ್ಸಷ್ಟೇ ಅಲ್ಲ, ಮೀನು ಯಾವ ಗುಂಪಿಗೆ ಸೇರಿದ್ದೆಂಬುದನ್ನೂ ಕಲ್ಲು ಹೇಳಬಲ್ಲದು ಎಂಬುದು ಗಟ್ಟಿಯಾಗಿ ಗೊತ್ತಾದದ್ದು ನಾರ್ವೆಯಲ್ಲಿ.

ನಾರ್ವೆಯ ಉತ್ತರಕ್ಕಿರುವ ಲೊಫೊಟೆನ್ ದ್ವೀಪಗಳಿಗೆ ಪ್ರತಿ ಚಳಿಗಾಲ ದೊಡ್ಡ ಕಾಡ್ ಮೀನುಗಳು ಬರುತ್ತವೆ. ಬ್ಯಾರೆಂಟ್ಸ್ ಸಮುದ್ರದಲ್ಲಿ ಮೇದು ಬೆಳೆದ ಇವು ಮೊಟ್ಟೆಯಿಡಲು ನೂರಾರು ಕಿಲೋಮೀಟರ್ ಈಜಿ ಬರುವಂಥವು. ಅಲ್ಲಿಯವರು ಇವನ್ನು ಸ್ಕ್ರೈ ಎನ್ನುತ್ತಾರೆ. ಅಲೆಯುವುದು ಎಂಬ ಅರ್ಥದ ಹಳೆಯ ಮಾತಿನಿಂದ ಬಂದ ಹೆಸರದು. ಮಧ್ಯಯುಗದಿಂದಲೂ ಈ ಮೀನನ್ನು ಗಾಳಿಗೆ ಒಣಗಿಸಿ ಬರ್ಗೆನ್ ಬಂದರಿನ ಮೂಲಕ ಯುರೋಪಿಗೆ ಮಾರುತ್ತ ಬಂದಿದ್ದಾರೆ. ಆದರೆ ಮೀನು ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬರುತ್ತಿರಲಿಲ್ಲ. ಕಾರಣ ಹುಡುಕಲು ಸರ್ಕಾರ 1864ರಲ್ಲಿ ಜಿ. ಓ. ಸಾರ್ಸ್ ಎಂಬ ಯುವ ಪ್ರಾಣಿಶಾಸ್ತ್ರಜ್ಞನನ್ನು ಲೊಫೊಟೆನ್‌ಗೆ ಕಳಿಸಿತು. ಕಾಡ್ ಮೊಟ್ಟೆ ತಳದಲ್ಲಿ ಕೂರದೆ ನೀರಿನಲ್ಲಿ ತೇಲುತ್ತದೆ ಎಂದು ಕಂಡುಕೊಂಡವನು ಅವನೇ. 1914ರಲ್ಲಿ ಯೋಹಾನ್ ಯೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಕೆಲವು ವರ್ಷ ಹುಟ್ಟಿದ ಮರಿಗಳು ಅಪಾರವಾಗಿ ಉಳಿಯುತ್ತವೆ, ಕೆಲವು ವರ್ಷದವು ಉಳಿಯುವುದೇ ಇಲ್ಲ. ಹಿಡಿತದ ಏರಿಳಿತಕ್ಕೆ ಇದೇ ಮುಖ್ಯ ಕಾರಣ ಎಂದ. ಅಂದಮೇಲೆ ಸಮುದ್ರದಲ್ಲಿ ಯಾವ ವಯಸ್ಸಿನ ಮೀನು ಎಷ್ಟಿವೆ ಎಂಬ ಲೆಕ್ಕ ಬೇಕಾಯಿತು.

ಆ ಲೆಕ್ಕಕ್ಕೆ ಒಂದು ತೊಡಕಿತ್ತು. ನಾರ್ವೆಯ ಫಿಯೋರ್ಡ್‌ಗಳಲ್ಲಿ, ದಡದ ನೀರಿನಲ್ಲಿ ವರ್ಷವಿಡೀ ನೆಲೆಸುವ ಇನ್ನೊಂದು ಬಗೆಯ ಕಾಡ್ ಇದೆ. ಸ್ಕ್ರೈ ಬಂದಾಗ ಎರಡೂ ಅಕ್ಕಪಕ್ಕ ಮೊಟ್ಟೆಯಿಡುತ್ತವೆ, ಒಂದೇ ಬಲೆಗೆ ಬೀಳುತ್ತವೆ. ಜಾತಿಯೂ ಒಂದೇ. ಮೈಬಣ್ಣ, ಮೈಕಟ್ಟು ನೋಡಿ ಇದು ಊರಿನದು, ಇದು ವಲಸೆಯದು ಎಂದು ಅನುಭವಿಗಳು ಹೇಳುತ್ತಿದ್ದರೂ ಆ ಗುರುತು ಪ್ರತಿ ಮೀನಿನಲ್ಲೂ ಖಚಿತವಾಗಿರಲಿಲ್ಲ.

1933ರಲ್ಲಿ ಗುನ್ನಾರ್ ರೊಲ್ಲೆಫ್ಸೆನ್ ಕಾಡ್ ಕಿವಿಕಲ್ಲುಗಳ ಬಗ್ಗೆ ಒಂದು ಪ್ರಾಥಮಿಕ ವರದಿ ಪ್ರಕಟಿಸಿದ. ಕಲ್ಲನ್ನು ನಡುವೆ ಮುರಿದು ನೋಡಿದರೆ ಮಸುಕು ಪದರ, ಪಾರಕ ಪದರ ಒಂದರ ಮೇಲೊಂದು ಕಾಣುತ್ತವೆ. ದಡದ ಕಾಡ್‌ನಲ್ಲಿ ಮೊದಲ ಪಾರಕ ಉಂಗುರ ಚಿಕ್ಕದು, ಹೆಚ್ಚು ದುಂಡಗಿನದು. ಸ್ಕ್ರೈಯಲ್ಲಿ ಅದೇ ಉಂಗುರ ಉದ್ದನೆಯದು. ಮುಂದಿನ ಉಂಗುರಗಳ ಮತ್ತು ಕಲ್ಲಿನ ಹೊರ ಅಂಚಿನ ಆಕಾರವನ್ನೇ ಹೋಲುತ್ತದೆ. ಎಳೆಯ ಮೀನು ಮೊದಲ ವರ್ಷಗಳನ್ನು ಎಲ್ಲಿ, ಹೇಗೆ ಕಳೆಯಿತೋ ಅದರ ಗುರುತು ಕಲ್ಲಿನ ಒಳಗೆ ಉಳಿದುಬಿಡುತ್ತದೆ. ಮುಂದೆ ಅದು ಎಲ್ಲಿಗೆ ಹೋದರೂ ಆ ಗುರುತು ಅಳಿಸುವುದಿಲ್ಲ.

ಇದರಿಂದಲೇ ಒಂದು ಸಂದೇಹವೂ ಹುಟ್ಟಿತು. ಇವು ನಿಜವಾಗಿ ಎರಡು ಕುಲವೋ, ಅಥವಾ ಒಂದೇ ಕುಲದ ಮಕ್ಕಳು ಬೇರೆ ಬೇರೆ ನೀರಿನಲ್ಲಿ ಬೆಳೆದು ಹೀಗಾದವೋ? ಪ್ರಶ್ನೆ ದಶಕಗಟ್ಟಲೆ ಉಳಿಯಿತು. 1960ರ ದಶಕದಲ್ಲಿ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಎರಡು ಕುಲದ ಕಡೆಗೆ ಬೆರಳು ತೋರಿತು. 1997ರಲ್ಲಿ ಫೆವೊಲ್ಡನ್ ಮತ್ತು ಪೊಗ್ಸನ್ ಒಂದು ಜೀನ್‌ನಲ್ಲಿ ಎರಡರ ನಡುವೆ ದೊಡ್ಡ ಅಂತರ ಕಂಡರು. ಆಮೇಲಿನ ಪರೀಕ್ಷೆಗಳಲ್ಲಿ ಕಲ್ಲಿನ ವಿಂಗಡಣೆಗೂ ಜೀನ್‌ನ ವಿಂಗಡಣೆಗೂ ಬಹುಮಟ್ಟಿಗೆ ತಾಳೆಯಾಯಿತು.

ಹಾಗೆಂದು ಸಂದೇಹ ಅರ್ಥವಿಲ್ಲದ್ದಾಗಿರಲಿಲ್ಲ. ಅಟ್ಲಾಂಟಿಕ್‌ನ ಆಚೆ ದಡದಲ್ಲಿ, ಕೆನಡಾದಲ್ಲಿ, ಕಿವಿಕಲ್ಲಿನ ಹೊರ ಅಂಚನ್ನು ಕಂಪ್ಯೂಟರಿಗೆ ಇಳಿಸಿ, ಫೂರಿಯೇ ಗಣಿತದಿಂದ ಅದರ ಓರೆಕೋರೆಗಳನ್ನು ಅಂಕಿಗಳಾಗಿಸುವ ವಿಧಾನ ಬೆಳೆಯುತ್ತಿತ್ತು. 1993ರಲ್ಲಿ ಕ್ಯಾಂಪಾನಾ ಮತ್ತು ಕ್ಯಾಸೆಲ್‌ಮನ್ ವಾಯುವ್ಯ ಅಟ್ಲಾಂಟಿಕ್‌ನ ಕಾಡ್‌ಗಳನ್ನು ಹೀಗೆ ಅಳೆದಾಗ, ಗುಂಪುಗಳ ನಡುವೆ ವ್ಯತ್ಯಾಸ ಸಿಕ್ಕಿತು. ಆದರೆ ಅದರಲ್ಲಿ ಹೆಚ್ಚಿನ ಪಾಲು ಮೀನು ಬೆಳೆದ ವೇಗದ್ದು ಎಂದು ಅವರು ಬರೆದರು. ಆಕಾರ ವಂಶವನ್ನಷ್ಟೇ ಹೇಳುವುದಿಲ್ಲ, ಬದುಕಿದ ಪರಿಯನ್ನೂ ಹೇಳುತ್ತದೆ. ಆದ್ದರಿಂದ ಕಲ್ಲಿನ ಸಾಕ್ಷಿಯನ್ನು ಜೀನ್‌ನ ಸಾಕ್ಷಿಯೊಡನೆ ಇಟ್ಟು ನೋಡಬೇಕು.

ಇಷ್ಟೆಲ್ಲ ವಿಂಗಡಣೆ ಯಾಕೆ ಬೇಕು? ಸ್ಕ್ರೈ ಗುಂಪು ಅಪಾರ. ಬ್ಯಾರೆಂಟ್ಸ್ ಸಮುದ್ರದ ಈ ಕಾಡ್‌ಗೆ 2013ರಲ್ಲಿ ನಾರ್ವೆ ಮತ್ತು ರಷ್ಯಾ ಒಪ್ಪಿ ಗೊತ್ತುಮಾಡಿದ ಹಿಡಿತದ ಮಿತಿಯೇ 10 ಲಕ್ಷ ಟನ್. ದಡದ ಕಾಡ್ ಅದರ ಮುಂದೆ ತೀರ ಚಿಕ್ಕ ಗುಂಪು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕಾಡ್ ಎಂದಷ್ಟೇ ಬರೆದುಕೊಂಡರೆ, ದಡದ ಕಾಡ್ ಅರ್ಧಕ್ಕಿಳಿದರೂ ಒಟ್ಟು ಲೆಕ್ಕ ಅಲುಗುವುದಿಲ್ಲ. ದೊಡ್ಡದರ ಸುಗ್ಗಿ ಚಿಕ್ಕದರ ಬರವನ್ನು ಮುಚ್ಚಿಬಿಡುತ್ತದೆ. ಫಿಯೋರ್ಡ್‌ನ ಸಣ್ಣ ದೋಣಿಯವನಿಗೆ ಮಾತ್ರ ಅದು ಗೊತ್ತಾಗುತ್ತದೆ, ಅವನ ಬಲೆ ಹಗುರಾದಾಗ.

1990ರ ದಶಕದಿಂದಾಚೆ ಹೀಗೇ ಆಯಿತು. ಬಂದರುಗಳಿಂದ ಬಂದ ಕಿವಿಕಲ್ಲುಗಳನ್ನು ಮುರಿದು, ಉಂಗುರ ನೋಡಿ, ಹಿಡಿತವನ್ನು ಎರಡು ಪಾಲಾಗಿಸುತ್ತಿದ್ದುದರಿಂದಲೇ ದಡದ ಕಾಡ್ ಕುಸಿಯುತ್ತಿರುವುದು ಕಣ್ಣಿಗೆ ಬಿತ್ತು. 1902ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿ, 2004ಕ್ಕೆ ಅದನ್ನು ಹಿಡಿಯಲೇಬಾರದು ಎಂದು ಸಲಹೆ ಕೊಟ್ಟಿತು. ಪೂರ್ತಿ ನಿಲ್ಲಿಸುವುದು ಸಾಧ್ಯವಿರಲಿಲ್ಲ. ಸ್ಕ್ರೈಗೆ ಹಾಕಿದ ಬಲೆಗೆ ಇದೂ ಬೀಳುತ್ತದೆ. ನಾರ್ವೆ ಆ ವರ್ಷ ಕರಾವಳಿಗುಂಟ ಗಡಿಗೆರೆಗಳನ್ನು ಎಳೆದು, ದೊಡ್ಡ ದೋಣಿಗಳು ಅದರ ಹೊರಗೇ ಹಿಡಿಯಬೇಕೆಂದು ನಿಯಮ ತಂದಿತು.

ರೊಲ್ಲೆಫ್ಸೆನ್ ಗುರುತಿಸಿದ ಆ ಉಂಗುರವನ್ನು ನಾರ್ವೆಯ ವಿಜ್ಞಾನಿಗಳು ಜೀನ್ ಪರೀಕ್ಷೆಯ ಕಾಲದಲ್ಲೂ ಕೈಬಿಡಲಿಲ್ಲ. ವಯಸ್ಸು ಎಣಿಸಲು ಕಲ್ಲನ್ನು ಹೇಗೂ ಮುರಿಯಬೇಕು. ಆಗಲೇ ಮೀನು ಯಾವ ಕಡೆಯದೆಂದೂ ನೋಡಿ, ವಯಸ್ಸಿನ ಪಕ್ಕದಲ್ಲಿ ಬರೆದಿಡುತ್ತಾರೆ.